ಈ ಟನ್ನು ಯಾರ ಖಾತೆಗೆ?

ಹವಾಮಾನ ಬದಲಾವಣೆಯ ಹೊಣೆ ಯಾರದು ಎಂಬ ಮಾತು ಶುರುವಾದರೆ ಹತ್ತು ನಿಮಿಷದೊಳಗೆ ಎರಡು ವಾದ ಬಂದೇ ಬರುತ್ತವೆ. ಒಂದು: "ನೂರು ಕಂಪನಿಗಳೇ ಶೇ 71ರಷ್ಟು ಹೊಗೆ ಉಗುಳುತ್ತಿವೆ, ನಾನು ಫ್ಯಾನ್ ಆರಿಸಿದರೆ ಏನಾದೀತು?" ಇನ್ನೊಂದು: "ಕಂಪನಿಗಳು ತಮಗಾಗಿ ಉಗುಳುತ್ತಿವೆಯೇ? ನಾವು ಕೊಳ್ಳುವುದರಿಂದ ತಾನೇ?" ಎರಡರಲ್ಲೂ ಹುರುಳಿದೆ. ಆದರೆ ಇಬ್ಬರೂ ಜಗಳವಾಡುತ್ತಿರುವುದು ಒಂದೇ ಟನ್ನಿನ ಮೇಲೆ. ಅದೇ ಹೊಗೆ ಎರಡು ಖಾತೆಗಳಲ್ಲಿ ಬರೆದಿದೆ, ಇಬ್ಬರೂ ತಮ್ಮ ತಮ್ಮ ಪುಟ ತೋರಿಸುತ್ತಿದ್ದಾರೆ.

ಇವತ್ತಿನ ಮಾತಿನಲ್ಲಿ ಕೆಲವು ಟನ್ನುಗಳ ಬೆನ್ನು ಹಿಡಿದು ಹೋಗೋಣ. ಒಂದು ಯೂನಿಟ್ ಕರೆಂಟು, ಒಂದು ಚೀಲ ಸಿಮೆಂಟು, ಒಂದು ಕಂಪನಿಯ ವಾರ್ಷಿಕ ವರದಿ, ಹಳ್ಳಿಯ ಒಂದು ಗೋಬರ್ ಗ್ಯಾಸ್ ಗುಂಡಿ. ಪ್ರತಿಯೊಂದರಲ್ಲೂ ಕೇಳಬೇಕಾದ ಪ್ರಶ್ನೆ ಒಂದೇ: ಹೊಗೆ ಕಡಿಮೆಯಾಗುವ ತೀರ್ಮಾನ ಯಾರ ಕೈಯಲ್ಲಿತ್ತು? ಹೊಣೆಯನ್ನು ಅಲ್ಲೇ ಇಡಬೇಕು ಎಂಬುದು ನನ್ನ ವಾದ.

ಮೊದಲು ಆ 71ರ ವಿಚಾರ. ಅದು 2017ರ ಕಾರ್ಬನ್ ಮೇಜರ್ಸ್ ವರದಿಯ ಅಂಕಿ. ಅದರ ಬುನಾದಿ ರಿಚರ್ಡ್ ಹೀಡಿ ಎಂಬ ಸಂಶೋಧಕರು ಹಾಕಿದ ಲೆಕ್ಕ. 1751ರಿಂದ 2010ರವರೆಗೆ ಕೈಗಾರಿಕೆಯಿಂದ ಹೊರಬಿದ್ದ ಇಂಗಾಲದ ಡೈಆಕ್ಸೈಡ್ ಮತ್ತು ಮೀಥೇನ್‌ನಲ್ಲಿ ಶೇ 63ರಷ್ಟನ್ನು 90 ಉತ್ಪಾದಕರ ತನಕ ಜಾಡು ಹಿಡಿಯಬಹುದು ಎಂದು ಅವರು ತೋರಿಸಿದ್ದರು. 2017ರ ವರದಿ ಅದನ್ನೇ 1988ರಿಂದ ಈಚೆಗೆ ಎಣಿಸಿ, 100 ಉತ್ಪಾದಕರು, ಶೇ 71 ಎಂದಿತು. ಎಣಿಸಿದ ರೀತಿ ಗಮನಿಸಿ. ಕಂಪನಿಯೊಂದು ನೆಲದಿಂದ ತೆಗೆದ ಕಲ್ಲಿದ್ದಲು, ತೈಲ, ಅನಿಲ ಎಷ್ಟು, ಅಷ್ಟನ್ನೂ ಸುಟ್ಟರೆ ಬರುವ ಹೊಗೆ ಎಷ್ಟು ಎಂದು ಲೆಕ್ಕ ಹಾಕಿ, ಪೂರ್ತಿ ಆ ಕಂಪನಿಯ ಹೆಸರಿಗೆ ಬರೆದರು. ಅದರಲ್ಲಿ ಸುಮಾರು ಶೇ 90 ಭಾಗ ಕಂಪನಿ ತಾನೇ ಸುಟ್ಟಿದ್ದಲ್ಲ, ಕೊಂಡವರು ಸುಟ್ಟಿದ್ದು. ನಿಮ್ಮ ಸ್ಕೂಟರಿನ ಪೆಟ್ರೋಲೂ ಆ 71ರ ಒಳಗೇ ಇದೆ. ಕಾಡು ಕಡಿದದ್ದು, ಭತ್ತದ ಗದ್ದೆ, ದನಕರುಗಳ ಮೀಥೇನ್ ಈ ಲೆಕ್ಕದ ಹೊರಗಿವೆ. ಇನ್ನೊಂದು ವಿಷಯವನ್ನು ಜನ ಮರೆಯುತ್ತಾರೆ: ಪಟ್ಟಿಯ ದೊಡ್ಡ ಹೆಸರುಗಳಲ್ಲಿ ಸೌದಿ ಅರಾಮ್ಕೊ, ರಷ್ಯಾದ ಗ್ಯಾಸ್‌ಪ್ರೋಮ್, ನಮ್ಮ ಕೋಲ್ ಇಂಡಿಯಾ ಇವೆ. ಇವುಗಳಲ್ಲಿ ದೊಡ್ಡ ಪಾಲು ಆಯಾ ದೇಶದ ಸರ್ಕಾರದ್ದೇ. "ಕಾರ್ಪೊರೇಟ್" ಎಂದಾಗ ಕಣ್ಣ ಮುಂದೆ ಬರುವ ಗಾಜಿನ ಕಟ್ಟಡಕ್ಕೂ ಈ ಪಟ್ಟಿಗೂ ಅಷ್ಟೇನೂ ಹೊಂದಿಕೆಯಿಲ್ಲ.

ಹಾಗೆಂದು ಎರಡನೇ ವಾದ ಗೆದ್ದಿತು ಎಂದುಕೊಳ್ಳಬೇಡಿ. ಅದಕ್ಕೂ ಒಂದು ಹುಟ್ಟಿದ ಊರಿದೆ. ಬ್ರಿಟನ್ನಿನ ತೈಲ ಕಂಪನಿ ಬಿಪಿ 2000ದಲ್ಲಿ ಹೊಸ ಲಾಂಛನ ತೊಟ್ಟು "ಪೆಟ್ರೋಲಿಯಮ್‌ನಿಂದಾಚೆ" ಎಂದು ಸಾರಿಕೊಂಡಿತು. ಒಗಿಲ್ವಿ ಜಾಹೀರಾತು ಸಂಸ್ಥೆಯ ಜೊತೆ ಸೇರಿ, ನಿಮ್ಮ ಇಂಗಾಲದ ಹೆಜ್ಜೆಗುರುತು ಎಷ್ಟು ಎಂದು ಜನಸಾಮಾನ್ಯರನ್ನು ಕೇಳುವ ಪ್ರಚಾರ ನಡೆಸಿತು. 2004ರಲ್ಲಿ ಆನ್‌ಲೈನ್ ಲೆಕ್ಕಯಂತ್ರವನ್ನೂ ಬಿಟ್ಟಿತು. ನೀವು ಎಷ್ಟು ಓಡಾಡುತ್ತೀರಿ, ಏನು ತಿನ್ನುತ್ತೀರಿ ಎಂದು ತುಂಬಿದರೆ ಅದು ನಿಮ್ಮ ಟನ್ನುಗಳನ್ನು ಹೇಳುತ್ತಿತ್ತು. ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಹೊಸ ತೈಲ ಬಾವಿಗೆ ಹಣ ಹಾಕಬೇಕೇ ಬೇಡವೇ ಎಂಬ ಪ್ರಶ್ನೆಗೆ ಅದರಲ್ಲಿ ಅಂಕಣ ಇರಲಿಲ್ಲ. ಇನ್ನೊಂದು ತೈಲ ದೈತ್ಯ ಎಕ್ಸಾನ್‌ನಲ್ಲಿ ವಿಜ್ಞಾನಿಗಳು 1977ರಿಂದ 2003ರ ನಡುವೆ ಭೂಮಿಯ ತಾಪ ಎಷ್ಟು ಏರಬಹುದೆಂದು ಮಾಡಿದ್ದ ಅಂದಾಜುಗಳನ್ನು 2023ರಲ್ಲಿ ಸಂಶೋಧಕರು ನಿಜವಾದ ಏರಿಕೆಯ ಜೊತೆ ಹೋಲಿಸಿದರು. ಬಹುತೇಕ ಅಂದಾಜುಗಳು ಸರಿಯಾಗಿದ್ದವು. ಅದೇ ಹೊತ್ತಿನಲ್ಲಿ ಕಂಪನಿ ಹೊರಗೆ ಹೇಳುತ್ತಿದ್ದದ್ದು, ವಿಜ್ಞಾನ ಇನ್ನೂ ಖಚಿತವಾಗಿಲ್ಲ ಎಂದು. ಗೊತ್ತಿದ್ದೂ ಅನುಮಾನ ಬಿತ್ತಿದ ಈ ಹೊಣೆಯನ್ನು ಟನ್ನಿನಲ್ಲಿ ಅಳೆಯಲು ಬರುವುದಿಲ್ಲ. ಯಾವ ಗ್ರಾಹಕನೂ ಇದರಲ್ಲಿ ಪಾಲುದಾರನಲ್ಲ.

ಈಗ ಕರೆಂಟಿಗೆ ಬರೋಣ. ಕಂಪನಿಗಳು ತಮ್ಮ ಹೊಗೆಯನ್ನು ಮೂರು ಪಟ್ಟಿಯಲ್ಲಿ ಬರೆಯುತ್ತವೆ. ತಾವೇ ಸುಟ್ಟದ್ದು ಸ್ಕೋಪ್ 1. ಕೊಂಡ ವಿದ್ಯುತ್ತಿನ ಹಿಂದಿನ ಹೊಗೆ ಸ್ಕೋಪ್ 2. ಉಳಿದದ್ದೆಲ್ಲ, ಅಂದರೆ ಕಚ್ಚಾವಸ್ತು, ಸಾಗಣೆ, ನೌಕರರ ಓಡಾಟ, ಮಾರಿದ ವಸ್ತುವನ್ನು ಗಿರಾಕಿ ಬಳಸಿದಾಗ ಬರುವ ಹೊಗೆ ಸೇರಿ ಒಟ್ಟು ಹದಿನೈದು ಬಾಬ್ತು, ಸ್ಕೋಪ್ 3. ಸಿಂಗರೇಣಿ ಗಣಿಯ ಕಲ್ಲಿದ್ದಲು ರಾಯಚೂರಿನ ಶಕ್ತಿನಗರಕ್ಕೆ ಬಂದು ಉರಿಯಿತು, ಆ ಕರೆಂಟು ಬೆಂಗಳೂರಿನ ಒಂದು ಆಫೀಸಿನ ಎಸಿ ಓಡಿಸಿತು ಎಂದುಕೊಳ್ಳಿ. ಗಣಿಗೆ ಅದು ಸ್ಕೋಪ್ 3. ಸ್ಥಾವರಕ್ಕೆ ಸ್ಕೋಪ್ 1. ಆಫೀಸಿಗೆ ಸ್ಕೋಪ್ 2. ಆ ಆಫೀಸಿಗೆ ಕೆಲಸ ಒಪ್ಪಿಸಿದ ಅಮೆರಿಕದ ಬ್ಯಾಂಕಿಗೆ ಮತ್ತೆ ಸ್ಕೋಪ್ 3. ಹೊಗೆ ಒಂದೇ, ದಾಖಲಾಗಿದ್ದು ನಾಲ್ಕು ಕಡೆ. ಇದು ಮೋಸವಲ್ಲ, ಲೆಕ್ಕದ ಪದ್ಧತಿಯೇ ಹಾಗೆ. ನಾಲ್ಕನ್ನೂ ಕೂಡಿಸಲು ಹೋದವರು ಎಡವುತ್ತಾರೆ, ಅಷ್ಟೇ.

ರಾಯಚೂರು ಸ್ಥಾವರದ ಮೊದಲ ಘಟಕ 1985ರಲ್ಲಿ ಶುರುವಾಯಿತು. ಒಟ್ಟು ಸಾಮರ್ಥ್ಯ 1,720 ಮೆಗಾವಾಟ್. ಇಂಥ ಹಳೆಯ 210 ಮೆಗಾವಾಟ್ ಘಟಕಗಳಲ್ಲಿ ಕಲ್ಲಿದ್ದಲಿನ ಶಾಖದ ಮೂರನೇ ಒಂದು ಪಾಲಷ್ಟೇ ವಿದ್ಯುತ್ತಾಗುತ್ತದೆ, ಉಳಿದದ್ದು ತಂಪುಗೋಪುರದಿಂದ ಆಕಾಶಕ್ಕೆ. ಹಾಗಾಗಿ ಒಂದು ಯೂನಿಟ್‌ಗೆ ಒಂದು ಕೆ.ಜಿ.ಯ ಆಸುಪಾಸು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಜಲ, ಸೌರ, ಗಾಳಿ, ಅಣು ಎಲ್ಲ ಬೆರೆತ ರಾಷ್ಟ್ರೀಯ ಗ್ರಿಡ್‌ನ ಸರಾಸರಿ ಯೂನಿಟ್‌ಗೆ ಸುಮಾರು 0.7 ಕೆ.ಜಿ. ಮುಂದಿನ ಲೆಕ್ಕಗಳಿಗೆಲ್ಲ ಈ 0.7ನ್ನೇ ಇಟ್ಟುಕೊಳ್ಳೋಣ.

ತಿಂಗಳಿಗೆ 100 ಯೂನಿಟ್ ಬಳಸುವ ಮನೆ ವರ್ಷಕ್ಕೆ 840 ಕೆ.ಜಿ. ಹೊಗೆಗೆ ಕಾರಣ. ಅದನ್ನು 80 ಯೂನಿಟ್‌ಗೆ ಇಳಿಸಿದರೆ 170 ಕೆ.ಜಿ. ಉಳಿಯಿತು ಎಂದು ಕಾಗದದ ಮೇಲೆ ಬರೆಯಬಹುದು. ಸ್ಥಾವರದಲ್ಲಿ ಆಗುವುದು ಸ್ವಲ್ಪ ಬೇರೆ. ಎಸ್ಕಾಂಗಳು ವಿದ್ಯುತ್ ಖರೀದಿಗೆ ಸಾಮಾನ್ಯವಾಗಿ 25 ವರ್ಷದ ಕರಾರು ಮಾಡಿಕೊಂಡಿರುತ್ತವೆ. ಕರೆಂಟು ತೆಗೆದುಕೊಳ್ಳಲಿ ಬಿಡಲಿ, ಸ್ಥಾವರ ತಯಾರಾಗಿದ್ದರೆ ಸ್ಥಿರ ಶುಲ್ಕ ಕಟ್ಟಲೇಬೇಕು. ಮಧ್ಯಾಹ್ನ ಸೌರ ವಿದ್ಯುತ್ ಹೇರಳವಾಗಿ ಬಂದರೂ ಕಲ್ಲಿದ್ದಲ ಘಟಕವನ್ನು ಪೂರ್ತಿ ಆರಿಸುವುದಿಲ್ಲ. ಸಂಜೆ ಆರೂವರೆಗೆ ಮತ್ತೆ ಬೇಕು, ತಣ್ಣಗಾದ ಬಾಯ್ಲರ್ ಹೊತ್ತಿಸಲು ಗಂಟೆಗಟ್ಟಲೆ ಸಮಯ, ಜೊತೆಗೆ ತೈಲದ ಖರ್ಚು. ಅದಕ್ಕೇ ಸಾಮರ್ಥ್ಯದ ಶೇ 55ರವರೆಗೆ ಇಳಿಸಿ ಓಡಿಸುತ್ತಾರೆ. ಹಾಗೆ ಓಡುವಾಗ ಯೂನಿಟ್‌ಗೆ ಬೇಕಾಗುವ ಕಲ್ಲಿದ್ದಲು ಇನ್ನೂ ಹೆಚ್ಚು. ಅಂದರೆ ನೀವು ಮಧ್ಯಾಹ್ನ ಉಳಿಸಿದ ಯೂನಿಟ್‌ಗೂ ಸಂಜೆ ಏಳಕ್ಕೆ ಉಳಿಸಿದ ಯೂನಿಟ್‌ಗೂ ಬೆಲೆ ಒಂದೇ ಅಲ್ಲ. ಗೀಸರನ್ನು, ಮೋಟಾರನ್ನು ಸಂಜೆಯಿಂದ ಹಗಲಿಗೆ ಸರಿಸಿದರೆ ಬರುವ ಲಾಭ, ಹಗಲಲ್ಲಿ ಬಲ್ಬ್ ಆರಿಸಿದ್ದಕ್ಕಿಂತ ಹೆಚ್ಚು. ಇದನ್ನು ಮನೆಯವರಿಗೆ ಯಾರೂ ಹೇಳಿಲ್ಲ. ಸಾಮಾನ್ಯ ಮನೆಯ ಬಿಲ್ಲಿನಲ್ಲಿ ಹಗಲಿಗೊಂದು ದರ, ಸಂಜೆಗೊಂದು ದರ ಎಂದಿಲ್ಲವಾದ್ದರಿಂದ ಬಿಲ್ಲೂ ಹೇಳುವುದಿಲ್ಲ. ಇಲ್ಲಿ ತೀರ್ಮಾನ ದರ ನಿಗದಿಪಡಿಸುವ ಆಯೋಗದ್ದು.

ಬಿಸಿನೀರಿನ ಲೆಕ್ಕ ಒಂದು ನೋಡಿ. 100 ಲೀಟರ್ ನೀರನ್ನು 22 ಡಿಗ್ರಿಯಿಂದ 45ಕ್ಕೆ ಏರಿಸಲು ಸುಮಾರು 2.7 ಯೂನಿಟ್ ಬೇಕು. ಗೀಸರ್ ಯಾವ ಕಂಪನಿಯದಾದರೂ ಇದಕ್ಕಿಂತ ಕಡಿಮೆಯಲ್ಲಿ ಆಗದು. ವರ್ಷದಲ್ಲಿ 300 ದಿನವೆಂದರೆ 800 ಯೂನಿಟ್, ಅರ್ಧ ಟನ್ನಿಗೂ ಹೆಚ್ಚು ಹೊಗೆ. ಬೆಂಗಳೂರಿನ ಮಾಳಿಗೆಗಳ ಮೇಲೆ ಸೋಲಾರ್ ನೀರಿನ ಟ್ಯಾಂಕುಗಳು ಸಾಲುಸಾಲಾಗಿ ಕಾಣುವುದಕ್ಕೆ ಜನರ ಪರಿಸರ ಪ್ರೇಮವೊಂದೇ ಕಾರಣವಲ್ಲ. ಹೊಸ ಮನೆಗೆ ವಿದ್ಯುತ್ ಸಂಪರ್ಕ ಬೇಕಾದರೆ ಅದು ಇರಲೇಬೇಕೆಂಬ ನಿಯಮ ಬಂತು, ಬಿಲ್ಲಿನಲ್ಲಿ ಯೂನಿಟ್‌ಗೆ 50 ಪೈಸೆಯಂತೆ ತಿಂಗಳಿಗೆ 50 ರೂಪಾಯಿವರೆಗೆ ರಿಯಾಯಿತಿಯೂ ಬಂತು. ಎಲ್‌ಇಡಿ ಬಲ್ಬಿನದೂ ಇದೇ ಕಥೆ. 2014ರಲ್ಲಿ ಸರ್ಕಾರಿ ಖರೀದಿಯಲ್ಲೇ ಒಂದು ಬಲ್ಬಿಗೆ 310 ರೂಪಾಯಿ ಇತ್ತು. ಇಇಎಸ್ಎಲ್ ಎಂಬ ಸರ್ಕಾರಿ ಸಂಸ್ಥೆ ಕೋಟಿಗಟ್ಟಲೆ ಬಲ್ಬಿಗೆ ಒಟ್ಟಿಗೇ ಟೆಂಡರ್ ಕರೆದಾಗ 2016ಕ್ಕೆ ಅದು 38 ರೂಪಾಯಿಗೆ ಇಳಿಯಿತು. 2015ರಲ್ಲಿ ಶುರುವಾದ ಉಜಾಲಾ ಯೋಜನೆಯಲ್ಲಿ 36 ಕೋಟಿಗೂ ಹೆಚ್ಚು ಬಲ್ಬ್ ಹಂಚಿಕೆಯಾದವು. 60 ವಾಟಿನ ಹಳದಿ ಬಲ್ಬ್ ಬಿಟ್ಟು 9 ವಾಟಿನದನ್ನು ಹಾಕಿಕೊಂಡವರು ವ್ಯಕ್ತಿಗಳೇ. ಆದರೆ ಆ ಬದಲಾವಣೆಯನ್ನು ಸಾಧ್ಯ ಮಾಡಿದ್ದು ಒಂದು ಟೆಂಡರ್. ಮನವೊಲಿಸುವ ಭಾಷಣಗಳಿಂದ ಇದು ಆಗುತ್ತಿರಲಿಲ್ಲ.

ಫ್ಯಾನಿನ ವಿಷಯ ಈಗ ಅದೇ ಹಂತದಲ್ಲಿದೆ. ಹಳೆ ಬಗೆಯ ಸೀಲಿಂಗ್ ಫ್ಯಾನ್ 75 ವಾಟ್, ಹೊಸ ಬಗೆಯ ಮೋಟಾರಿನ ಬಿಎಲ್‌ಡಿಸಿ ಫ್ಯಾನ್ 30 ವಾಟ್. ದಿನಕ್ಕೆ 12 ಗಂಟೆ, ವರ್ಷಕ್ಕೆ 300 ದಿನ ತಿರುಗಿದರೆ ಒಂದು ಫ್ಯಾನಿಗೆ 160 ಯೂನಿಟ್ ಉಳಿತಾಯ, 110 ಕೆ.ಜಿ. ಹೊಗೆ ಕಡಿಮೆ. ಕಲಬುರಗಿ, ರಾಯಚೂರಿನ ಮನೆಗಳಲ್ಲಿ ಮೂರು ಫ್ಯಾನಿಗೆ ಲೆಕ್ಕ ಹಾಕಿ ನೋಡಿ. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೆ ಸ್ಟಾರ್ ಗುರುತು ಕಡ್ಡಾಯವಾಗಿದೆ. ಆದರೆ ಗೃಹಜ್ಯೋತಿಯಲ್ಲಿ ಬಿಲ್ಲೇ ಸೊನ್ನೆ ಬರುವ ಮನೆಗೆ ಹೆಚ್ಚುವರಿ ಸಾವಿರ ರೂಪಾಯಿ ಕೊಟ್ಟು ಆ ಫ್ಯಾನ್ ಕೊಳ್ಳುವುದರಿಂದ ಕೈಗೆ ಏನೂ ಸಿಗುವುದಿಲ್ಲ. ಉಚಿತ ವಿದ್ಯುತ್ ತಪ್ಪು ಎನ್ನುತ್ತಿಲ್ಲ, ಬಡವರ ಮನೆಗೆ ಅದು ದೊಡ್ಡ ಆಸರೆ. ಅದರ ಜೊತೆಗೇ ಆ ಮನೆಗಳಿಗೆ ಒಳ್ಳೆಯ ಫ್ಯಾನನ್ನೂ ಸರ್ಕಾರ ಕೊಟ್ಟಿದ್ದರೆ ಎಸ್ಕಾಂಗಳಿಗೆ ಕಟ್ಟುವ ಸಹಾಯಧನವೂ ಇಳಿಯುತ್ತಿತ್ತು.

ಇಲ್ಲಿಯವರೆಗೆ ಕೇಳಿ, ವ್ಯಕ್ತಿಗೆ ಏನೂ ಉಳಿದಿಲ್ಲ ಎಂದು ನೀವು ನಿರಾಳವಾಗಿರಬಹುದು. ಹಾಗಿಲ್ಲ. ಬದುಕಿನಲ್ಲಿ ಒಂದೆರಡು ಸಲ ಮಾತ್ರ ಬರುವ ಕೆಲವು ತೀರ್ಮಾನಗಳಿವೆ. ಅವುಗಳಲ್ಲಿ ನಾವು ಕೊಡುವ ಗಮನ ಪ್ಲಾಸ್ಟಿಕ್ ಸ್ಟ್ರಾಗೆ ಕೊಡುವಷ್ಟೂ ಇರುವುದಿಲ್ಲ. ಮನೆ ಕಟ್ಟಿಸುವುದನ್ನೇ ತೆಗೆದುಕೊಳ್ಳಿ.

ಹನ್ನೆರಡು ಚದರದ ಆರ್‌ಸಿಸಿ ಮನೆ. ಚದರಡಿಗೆ ಸುಮಾರು 0.4 ಚೀಲ ಸಿಮೆಂಟು, 4 ಕೆ.ಜಿ. ಕಬ್ಬಿಣ. ಒಟ್ಟು 480 ಚೀಲ, ಅಂದರೆ 24 ಟನ್ ಸಿಮೆಂಟು, ಜೊತೆಗೆ 4.8 ಟನ್ ಕಬ್ಬಿಣ. ಭಾರತದಲ್ಲಿ ಒಂದು ಟನ್ ಉಕ್ಕಿಗೆ ಸರಾಸರಿ 2.5 ಟನ್ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಸಿಮೆಂಟಿಗೆ ಸರಾಸರಿ 0.6 ಟನ್ ಹಿಡಿಯಿರಿ. ಸಿಮೆಂಟಿನಿಂದ 14 ಟನ್, ಕಬ್ಬಿಣದಿಂದ 12 ಟನ್, ಒಟ್ಟು 26. ಆಗಲೇ ನೋಡಿದ 100 ಯೂನಿಟ್ ಮನೆ ಮೂವತ್ತು ವರ್ಷ ಕರೆಂಟು ಬಳಸಿದರೆ ಆಗುವಷ್ಟು ಹೊಗೆ ಗೃಹಪ್ರವೇಶಕ್ಕೆ ಮುಂಚೆಯೇ ಆಗಿ ಹೋಗಿರುತ್ತದೆ. ಇಟ್ಟಿಗೆ, ಟೈಲ್ಸ್, ಗಾಜು ಇದರಲ್ಲಿ ಸೇರಿಲ್ಲ.

ಸಿಮೆಂಟಿನ ಹೊಗೆಗೆ ಕಲ್ಲಿದ್ದಲೊಂದೇ ಕಾರಣವಲ್ಲ. ಸೇಡಂ, ವಾಡಿ, ಮಳಖೇಡದ ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಮಾರು 1,450 ಡಿಗ್ರಿಗೆ ಕಾಯಿಸಿ ಕ್ಲಿಂಕರ್, ಅಂದರೆ ಪುಡಿಮಾಡಿದರೆ ಸಿಮೆಂಟಾಗುವ ಗಟ್ಟಿ ಉಂಡೆ, ಮಾಡುತ್ತಾರೆ. ಆ ದಾರಿಯಲ್ಲಿ ಸುಣ್ಣದ ಕಲ್ಲು ತನ್ನ ತೂಕದ ಶೇ 44ರಷ್ಟನ್ನು ಇಂಗಾಲದ ಡೈಆಕ್ಸೈಡ್ ಆಗಿ ಬಿಟ್ಟುಕೊಡುತ್ತದೆ. ಗೂಡನ್ನು ಸೌರಶಕ್ತಿಯಿಂದ ಕಾಯಿಸಿದರೂ ಈ ಭಾಗ ತಪ್ಪದು. ಆದ್ದರಿಂದ ಸಿಮೆಂಟಿನಲ್ಲಿ ಕ್ಲಿಂಕರ್ ಪ್ರಮಾಣ ಇಳಿಸುವುದೇ ದೊಡ್ಡ ಉಪಾಯ. ಬೆರಕೆಯಿಲ್ಲದ ಸಾದಾ ಸಿಮೆಂಟಾದ ಒಪಿಸಿಯಲ್ಲಿ ಕ್ಲಿಂಕರ್ ಶೇ 95ರ ಸಮೀಪ. ಬೆರಕೆ ಸಿಮೆಂಟಾದ ಪಿಪಿಸಿಯಲ್ಲಿ ಶೇ 15ರಿಂದ 35ರವರೆಗೆ ಉಷ್ಣ ಸ್ಥಾವರಗಳ ಹಾರುಬೂದಿ ಬೆರೆತಿರುತ್ತದೆ. ಸ್ಲ್ಯಾಗ್ ಸಿಮೆಂಟಿನಲ್ಲಿ ಉಕ್ಕಿನ ಕುಲುಮೆಯ ಗಸಿ ಇನ್ನೂ ಹೆಚ್ಚು. ನಮ್ಮ 480 ಚೀಲ ಪೂರ್ತಿ ಒಪಿಸಿಯಾದರೆ ಸುಮಾರು 20 ಟನ್ ಹೊಗೆ, ಪೂರ್ತಿ ಪಿಪಿಸಿಯಾದರೆ 14. ವ್ಯತ್ಯಾಸ 6 ಟನ್. ಅದೂ ಚೀಲಕ್ಕೆ ಕೆಲವು ರೂಪಾಯಿ ಕಡಿಮೆ ಕೊಟ್ಟು.

ಹಾಗಿದ್ದರೆ ಎಲ್ಲರೂ ಪಿಪಿಸಿ ಏಕೆ ಹಾಕುವುದಿಲ್ಲ? ಮೇಸ್ತ್ರಿ "53 ಗ್ರೇಡೇ ತನ್ನಿ ಸಾರ್, ಗಟ್ಟಿ" ಎನ್ನುತ್ತಾರೆ. ಅವರ ಮಾತಿನ ಹಿಂದೆ ಕಾರಣವಿದೆ. 53 ಗ್ರೇಡ್ ಒಪಿಸಿ ಬೇಗ ಬಲ ಹಿಡಿಯುತ್ತದೆ, ಸೆಂಟ್ರಿಂಗ್ ಬೇಗ ಬಿಚ್ಚಬಹುದು, ಹಲಗೆ, ಜಾಕಿಗಳ ಬಾಡಿಗೆ ಉಳಿಯುತ್ತದೆ. ಪಿಪಿಸಿ ನಿಧಾನ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐಎಸ್ 456 ಸಂಹಿತೆಯ ಪ್ರಕಾರ ಒಪಿಸಿಗೆ ಕನಿಷ್ಠ 7 ದಿನ ಕ್ಯೂರಿಂಗ್ ಸಾಕು. ಬೆರಕೆ ಸಿಮೆಂಟಿಗೆ 10 ದಿನ ಬೇಕು, ಬಿಸಿಲು ಹೆಚ್ಚಿರುವಲ್ಲಿ 14ಕ್ಕೆ ಏರಿಸುವುದು ಒಳ್ಳೆಯದು. ಬೇಸಿಗೆಯಲ್ಲಿ ಟ್ಯಾಂಕರ್ ನೀರಿನ ರೇಟು ನೋಡಿ ಐದನೇ ದಿನಕ್ಕೇ ನೀರು ನಿಲ್ಲಿಸಿದರೆ ಪಿಪಿಸಿ ಸ್ಲ್ಯಾಬ್ ಮೇಲ್ಮೈ ಪುಡಿಪುಡಿಯಾಗುತ್ತದೆ. ಆಮೇಲೆ "ಬೂದಿ ಸಿಮೆಂಟು, ನಾನು ಹೇಳಿರಲಿಲ್ಲವೇ" ಎಂಬ ಮಾತು ಬರುತ್ತದೆ. ತಪ್ಪು ಸಿಮೆಂಟಿನದಲ್ಲ, ನೀರಿನದು. ಗೋಡೆ ಕಟ್ಟಲು, ಪ್ಲಾಸ್ಟರಿಂಗ್‌ಗೆ 53 ಗ್ರೇಡ್ ಬೇಕಿಲ್ಲವೇ ಇಲ್ಲ. ಬೇಗ ಬಿಗಿಯುವುದರಿಂದ ಕೂದಲೆಳೆ ಬಿರುಕು ಇನ್ನೂ ಹೆಚ್ಚಾಗುತ್ತದೆ. ಹಾಗಾಗಿ ಗುತ್ತಿಗೆ ಕರಾರಿನಲ್ಲಿ ಮೂರು ವಿಷಯ ಮೊದಲೇ ಬರೆಸಿಕೊಳ್ಳಿ: ಯಾವ ಸಿಮೆಂಟು, ಎಷ್ಟು ದಿನ ಕ್ಯೂರಿಂಗ್, ಸೆಂಟ್ರಿಂಗ್ ಬಿಚ್ಚುವ ದಿನವನ್ನು ಎಂಜಿನಿಯರ್ ಹೇಳಬೇಕು ಎಂಬುದು. ಮನೆಯನ್ನೇ ಎರಡು ಚದರ ಚಿಕ್ಕದು ಮಾಡಿದರೆ ಇನ್ನೂ 4 ಟನ್ ಉಳಿತಾಯ. ಈ ಸಲಹೆ ಯಾರಿಗೂ ಹಿಡಿಸುವುದಿಲ್ಲ ಎಂಬುದು ಬೇರೆ ಮಾತು.

ಕಬ್ಬಿಣದಲ್ಲಿ ಇಷ್ಟು ಹಿಡಿತ ನಮಗಿಲ್ಲ. ಗುಜರಿ ಕರಗಿಸಿ ಮಾಡಿದ ಸರಳಿಗೂ, ಬಳ್ಳಾರಿ ಸೀಮೆಯಲ್ಲಿ ಕಲ್ಲಿದ್ದಲು ಹಾಕಿ ಅದಿರಿನಿಂದ ಸ್ಪಾಂಜ್ ಐರನ್ ಮಾಡಿ ಆಮೇಲೆ ಕರಗಿಸಿದ ಸರಳಿಗೂ ಹೊಗೆಯಲ್ಲಿ ಹಲವು ಪಟ್ಟು ಅಂತರ. ಅಂಗಡಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಕೇಂದ್ರ ಉಕ್ಕು ಸಚಿವಾಲಯ 2024ರ ಡಿಸೆಂಬರಿನಲ್ಲಿ ಹಸಿರು ಉಕ್ಕಿನ ವರ್ಗೀಕರಣ ತಂದಿದೆ. ಟನ್ನಿಗೆ 2.2 ಟನ್‌ಗಿಂತ ಕಡಿಮೆ ಹೊಗೆಯಿದ್ದರೆ ಹಸಿರು, 1.6ಕ್ಕಿಂತ ಕಡಿಮೆಯಿದ್ದರೆ ಐದು ಸ್ಟಾರ್. ಆ ಸ್ಟಾರ್ ಹಾರ್ಡ್‌ವೇರ್ ಅಂಗಡಿಯ ಬಿಲ್ಲಿಗೆ ಇಳಿದು ಬರುವವರೆಗೆ ಗಿರಾಕಿಯನ್ನು ದೂರಿ ಫಲವಿಲ್ಲ. ಹೊಣೆ ಉಕ್ಕಿನ ಕಂಪನಿಯದು, ಮತ್ತು ಸೇತುವೆ, ಮೆಟ್ರೊಗೆ ಸಾವಿರಾರು ಟನ್ ಕೊಳ್ಳುವ ಸರ್ಕಾರದ್ದು.

ಈಗ ಕಂಪನಿಗಳ ಖಾತೆಪುಸ್ತಕ ತೆರೆಯೋಣ. ಷೇರುಪೇಟೆಯ ಮೊದಲ ಸಾವಿರ ಕಂಪನಿಗಳು 2022–23ರಿಂದ ಬಿಆರ್‌ಎಸ್‌ಆರ್ ಎಂಬ ಹೊಣೆ ಮತ್ತು ಸುಸ್ಥಿರತೆಯ ವರದಿ ಕೊಡಬೇಕೆಂದು ಷೇರುಪೇಟೆ ನಿಯಂತ್ರಕ ಸೆಬಿ ಕಡ್ಡಾಯ ಮಾಡಿದೆ. ಕಂಪನಿಯ ಜಾಲತಾಣದಲ್ಲಿ, ಷೇರು ವಿನಿಮಯ ಕೇಂದ್ರದ ಜಾಲತಾಣದಲ್ಲಿ ಯಾರು ಬೇಕಾದರೂ ಓದಬಹುದು. ನೇರವಾಗಿ ಪರಿಸರದ ಕುರಿತ ಆರನೇ ತತ್ತ್ವದ ಪುಟಕ್ಕೆ ಹೋಗಿ, ಅಲ್ಲಿ ಸ್ಕೋಪ್ 1 ಮತ್ತು 2ರ ಅಂಕಿ ಎರಡು ವರ್ಷದ್ದು ಅಕ್ಕಪಕ್ಕ ಇರುತ್ತದೆ. ಮೊದಲು ಒಟ್ಟು ಟನ್ ನೋಡಿ. ಅದರ ಕೆಳಗೆ "ವಹಿವಾಟಿನ ರೂಪಾಯಿಗೆ ಇಷ್ಟು" ಎಂಬ ತೀವ್ರತೆಯ ಸಾಲು ಬರುತ್ತದೆ. ಮುಖಪುಟದಲ್ಲಿ ಹೊಳೆಯುವ "ಶೇ 12 ಇಳಿಕೆ" ಬಹಳ ಸಲ ಈ ಸಾಲಿನಿಂದ ಬಂದಿರುತ್ತದೆ. ಬೆಲೆ ಏರಿಸಿ ವಹಿವಾಟು ಬೆಳೆದರೂ ಈ ಅಂಕಿ ಇಳಿಯುತ್ತದೆ, ಹೊಗೆ ಒಂದು ಕೆ.ಜಿ.ಯೂ ಇಳಿಯದೆ.

ನಂತರ ಅಡಿಟಿಪ್ಪಣಿಗಳನ್ನು ಓದಿ. ಹೋದ ವರ್ಷ ಸ್ವಂತವಾಗಿದ್ದ ಘಟಕವನ್ನು ಈ ವರ್ಷ ಮಾರಿದ್ದಾರೆಯೇ? ತಾವೇ ಮಾಡುತ್ತಿದ್ದ ಕೆಲಸವನ್ನು ಗುತ್ತಿಗೆ ತಯಾರಕರಿಗೆ ಕೊಟ್ಟಿದ್ದಾರೆಯೇ? ಹಾಗಾದಲ್ಲಿ ಹೊಗೆ ಸ್ಕೋಪ್ 1ರಿಂದ ಜಾರಿ ಸ್ಕೋಪ್ 3ಕ್ಕೆ ಹೋಗಿರುತ್ತದೆ. ಬಿಆರ್‌ಎಸ್‌ಆರ್‌ನಲ್ಲಿ ಸ್ಕೋಪ್ 3 ಕೊಡುವುದು ಕಂಪನಿಯ ಇಷ್ಟಕ್ಕೆ ಬಿಟ್ಟದ್ದು. ಕಾರು ತಯಾರಕರಿಗೆ, ತೈಲ ಕಂಪನಿಗೆ, ಬ್ಯಾಂಕಿಗೆ ಹೊಗೆಯ ಬಹುಪಾಲು ಇರುವುದೇ ಅಲ್ಲಿ. ಬ್ಯಾಂಕಿನ ಶಾಖೆಗಳ ಎಸಿಗಿಂತ ಅದು ಸಾಲ ಕೊಟ್ಟ ಉಷ್ಣ ಸ್ಥಾವರ ಸಾವಿರಾರು ಪಟ್ಟು ದೊಡ್ಡದು.

"ನಮ್ಮ ಕ್ಯಾಂಪಸ್ ಶೇ 100 ಹಸಿರು ವಿದ್ಯುತ್ತಿನಲ್ಲಿ ನಡೆಯುತ್ತದೆ" ಎಂಬ ಮಾತನ್ನೂ ಬಿಚ್ಚಿ ನೋಡಬೇಕು. ಬೆಂಗಳೂರಿನ ಕಂಪನಿಗಳು ಚಿತ್ರದುರ್ಗ, ಗದಗ, ಕೊಪ್ಪಳದ ಕಡೆಯ ಸೌರ, ಗಾಳಿ ಘಟಕಗಳಿಂದ, ಎಸ್ಕಾಂ ಬದಲು ಉತ್ಪಾದಕರಿಂದಲೇ ನೇರವಾಗಿ ಕೊಳ್ಳುವ ಓಪನ್ ಆ್ಯಕ್ಸೆಸ್‌ನಲ್ಲಿ ಕರೆಂಟು ಕೊಳ್ಳುತ್ತವೆ. ಹಗಲು ಗ್ರಿಡ್‌ಗೆ ಹಾಕಿದ ಯೂನಿಟ್‌ಗಳನ್ನು ಜಮೆ ಮಾಡಿ ರಾತ್ರಿ ವಾಪಸ್ ಪಡೆಯುವ ಬ್ಯಾಂಕಿಂಗ್ ವ್ಯವಸ್ಥೆ ಇದೆ. ಕಾಗದದಲ್ಲಿ ಲೆಕ್ಕ ಸರಿಹೋಗುತ್ತದೆ. ಆದರೆ ಅಮೆರಿಕದ ಹಗಲಿಗೆ ಹೊಂದಿಕೊಂಡು ರಾತ್ರಿ ಎರಡಕ್ಕೆ ಕೆಲಸ ಮಾಡುವ ಕಟ್ಟಡಕ್ಕೆ ಆ ಹೊತ್ತಿನಲ್ಲಿ ಸೌರ ವಿದ್ಯುತ್ ಎಲ್ಲಿಂದ ಬರಬೇಕು? ಕರೆಂಟು ಬರುವುದು ಹೆಚ್ಚಾಗಿ ಕಲ್ಲಿದ್ದಲಿನಿಂದಲೇ. ಅದಕ್ಕೇ ಸ್ಕೋಪ್ 2ನ್ನು ಎರಡು ರೀತಿಯಲ್ಲಿ ಬರೆಯಬೇಕು ಎನ್ನುತ್ತದೆ ಅಂತರರಾಷ್ಟ್ರೀಯ ಪದ್ಧತಿ: ಕರಾರಿನ ಪ್ರಕಾರ ಒಂದು, ಆ ಜಾಗದ ಗ್ರಿಡ್ ಪ್ರಕಾರ ಇನ್ನೊಂದು. ವರದಿಯಲ್ಲಿ ಮೊದಲನೆಯದಷ್ಟೇ ಇದ್ದರೆ ಎರಡನೆಯದನ್ನು ಕೇಳಿ.

ಕೊನೆಗೆ ಕಾರ್ಬನ್ ಕ್ರೆಡಿಟ್, ಅಂದರೆ ಬೇರೆಡೆ ಉಳಿದ ಹೊಗೆಯನ್ನು ಕೊಂಡು ತನ್ನ ಹೊಗೆಗೆ ಸರಿದೂಗಿಸುವ ಚೀಟಿ. ವ್ಯಕ್ತಿ ಮತ್ತು ಕಂಪನಿಯ ಗಡಿ ಅತ್ಯಂತ ಕಲಸಿಹೋಗುವ ಜಾಗ ಇದು. ಯೋಜನೆ ನಡೆಸುವ ಸಂಸ್ಥೆಯವರು ಹಳ್ಳಿಯ ಮನೆಗೆ 2 ಘನ ಮೀಟರಿನ ಗೋಬರ್ ಗ್ಯಾಸ್ ಗುಂಡಿ ಹಾಕಿಕೊಡುತ್ತಾರೆ. ಸೌದೆ ಉಳಿದದ್ದರಿಂದ ಕಡಿಮೆಯಾದ ಹೊಗೆಯನ್ನು ಕ್ರೆಡಿಟ್ ಮಾಡಿ ಕಂಪನಿಗೆ ಮಾರುತ್ತಾರೆ. ಆ ಗುಂಡಿಗೆ ದಿನಾ ಸುಮಾರು 50 ಕೆ.ಜಿ. ಸಗಣಿ, ಅಷ್ಟೇ ನೀರು ಬೇಕು. ಅಂದರೆ ನಾಲ್ಕೈದು ದನ. ಮಳೆ ಕೈಕೊಟ್ಟ ವರ್ಷ ದನ ಮಾರಿದರೆ, ಬೇಸಿಗೆಯಲ್ಲಿ ನೀರಿಗೆ ಪರದಾಡಿದರೆ ಗುಂಡಿ ಒಣಗುತ್ತದೆ, ಮೇಲೆ ಕೆನೆಗಟ್ಟಿ ಅನಿಲ ನಿಲ್ಲುತ್ತದೆ, ಮನೆಯವರು ಸೌದೆ ಒಲೆಗೆ ಮರಳುತ್ತಾರೆ. ಸಮೀಕ್ಷೆಯವರು ಬಂದ ದಿನ ಉರಿದರೆ ಲೆಕ್ಕದಲ್ಲಿ ವರ್ಷಪೂರ್ತಿ ಉರಿದಂತೆ. ಅಡುಗೆ ಒಲೆಯ ಕ್ರೆಡಿಟ್‌ಗಳ ಬಗ್ಗೆ 2024ರಲ್ಲಿ ಪ್ರಕಟವಾದ ಬರ್ಕ್ಲಿ ವಿಶ್ವವಿದ್ಯಾಲಯದವರ ಅಧ್ಯಯನ, ತಾವು ಪರಿಶೀಲಿಸಿದ ಯೋಜನೆಗಳು ನಿಜವಾದ ಇಳಿಕೆಗಿಂತ ಒಂಬತ್ತು ಪಟ್ಟಿಗೂ ಹೆಚ್ಚು ಕ್ರೆಡಿಟ್ ಪಡೆದಿವೆ ಎಂದಿತು. ಲೆಕ್ಕ ಸರಿಯಿದ್ದರೂ ನ್ಯಾಯದ ಪ್ರಶ್ನೆ ಉಳಿಯುತ್ತದೆ. ದಿನಾ ಸಗಣಿ ಕಲಸುವಾಕೆ ಉಳಿಸಿದ ಹೊಗೆ ಅವಳ ಹೆಸರಿನಲ್ಲಿ ಇರುವುದಿಲ್ಲ. ಒಪ್ಪಂದದ ಮೇಲೆ ಹೆಬ್ಬೆಟ್ಟು ಒತ್ತಿದಾಗಲೇ ಅದು ಕಂಪನಿಯ ಸಾಧನೆಯಾಗಿ ಹೋಗಿದೆ.

ನ್ಯಾಯಾಲಯಗಳು ಏನು ಹೇಳುತ್ತಿವೆ ಎಂಬುದನ್ನೂ ಎರಡು ಮಾತಿನಲ್ಲಿ ಹೇಳುತ್ತೇನೆ. ಪೆರುವಿನ ಹುವಾರಾಸ್‌ನ ರೈತ ಸೌಲ್ ಲೂಸಿಯಾನೊ ಯೂಯಾ 2015ರಲ್ಲಿ ಜರ್ಮನಿಯ ವಿದ್ಯುತ್ ಕಂಪನಿ ಆರ್‌ಡಬ್ಲ್ಯುಇ ಮೇಲೆ ದಾವೆ ಹೂಡಿದರು. ಹಿಮನದಿ ಕರಗಿ ಉಬ್ಬಿದ ಸರೋವರ ಊರಿಗೆ ಅಪಾಯ, ಜಗತ್ತಿನ ಕೈಗಾರಿಕಾ ಹೊಗೆಯಲ್ಲಿ ಕಂಪನಿಯ ಪಾಲು ಶೇ 0.47, ಹಾಗಾಗಿ ರಕ್ಷಣಾ ಕಾಮಗಾರಿಯ ಖರ್ಚಿನಲ್ಲೂ ಶೇ 0.47 ಕೊಡಲಿ ಎಂಬುದು ಅವರ ಬೇಡಿಕೆ. ಆ ಅಂಕಿ ಬಂದದ್ದು ಹೀಡಿಯವರ ಲೆಕ್ಕದಿಂದಲೇ. 2025ರ ಮೇ ತಿಂಗಳಲ್ಲಿ ಹಾಮ್ ನಗರದ ನ್ಯಾಯಾಲಯ, ಅವರ ಮನೆಗಿರುವ ಅಪಾಯ ಸಾಕಷ್ಟು ಸಾಬೀತಾಗಿಲ್ಲವೆಂದು ದಾವೆ ವಜಾ ಮಾಡಿತು. ಆದರೆ ದೊಡ್ಡ ಹೊಗೆಗಾರರನ್ನು ತಾತ್ತ್ವಿಕವಾಗಿ ಹೊಣೆ ಮಾಡಬಹುದು ಎಂದು ಒಪ್ಪಿತು. ನೆದರ್ಲೆಂಡ್ಸ್‌ನಲ್ಲಿ ಶೆಲ್ ಕಂಪನಿ 2030ರೊಳಗೆ ಶೇ 45 ಹೊಗೆ ಇಳಿಸಬೇಕೆಂದು 2021ರಲ್ಲಿ ಬಂದ ಆದೇಶವನ್ನು 2024ರ ನವೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ ರದ್ದುಮಾಡಿತು. ಹೊಗೆ ಇಳಿಸುವ ಕರ್ತವ್ಯ ಕಂಪನಿಗಿದೆ, ಇಷ್ಟೇ ಶೇಕಡಾ ಎಂದು ಕೋರ್ಟು ಹೇಳಲಾಗದು ಎಂಬುದು ಅದರ ನಿಲುವು. ನಮ್ಮ ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯ ಪ್ರಕರಣದಲ್ಲಿ, ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತರಾಗಿರುವ ಹಕ್ಕು ನಾಗರಿಕರಿಗಿದೆ ಎಂದಿದೆ. ಆ ಹಕ್ಕನ್ನು ಯಾವ ಕಂಪನಿಯ ಮುಂದೆ, ಹೇಗೆ ಚಲಾಯಿಸಬೇಕೆಂಬುದು ಇನ್ನೂ ಬರೆಯದ ಅಧ್ಯಾಯ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸಿದೆ.

ಅಪಾರ್ಟ್‌ಮೆಂಟಿನಲ್ಲಿ ಇರುವವರು ಏನು ಮಾಡಬೇಕು ಎಂದು ಒಬ್ಬರು ಕೇಳಿದರು. ಅಲ್ಲಿ ಒಂಟಿ ಮನೆಗಿಂತ ಸಂಘಕ್ಕೆ ಶಕ್ತಿ ಹೆಚ್ಚು. ಮಾಳಿಗೆ ಮೇಲಿನ ಸೌರ ವಿದ್ಯುತ್ತಿಗಾಗಿ ಇರುವ ಪಿಎಂ ಸೂರ್ಯಘರ್ ಯೋಜನೆಯಲ್ಲಿ ವಸತಿ ಸಂಘಗಳ ಸಾಮಾನ್ಯ ಸೌಲಭ್ಯಗಳಿಗೆ ಕಿಲೋವಾಟ್‌ಗೆ 18,000 ರೂಪಾಯಿ ಸಹಾಯಧನವಿದೆ, 500 ಕಿಲೋವಾಟ್‌ವರೆಗೆ. ಲಿಫ್ಟು, ನೀರಿನ ಪಂಪು, ಕೊಳಚೆ ಶುದ್ಧೀಕರಣ ಘಟಕ ಎಲ್ಲಕ್ಕೂ ಬೇಕಾದ ಕರೆಂಟಿನಲ್ಲಿ ಒಂದಷ್ಟು ಪಾಲು ಮಾಳಿಗೆಯ ಮೇಲಿಂದಲೇ ಸಿಗುತ್ತದೆ. ಒಂದು ಕಿಲೋವಾಟ್ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ ಎಂದು ಹಿಡಿಯಿರಿ. ಕೆಲಸ ಕೆಡುವುದು ಹೆಚ್ಚಾಗಿ ತಂತ್ರಜ್ಞಾನದಿಂದಲ್ಲ, ಮಾಳಿಗೆ ಯಾರದು ಎಂಬ ತಕರಾರಿನಿಂದ. ಅದನ್ನು ಸರ್ವಸದಸ್ಯರ ಸಭೆಯ ನಡಾವಳಿಯಲ್ಲಿ ಮೊದಲು ಬಗೆಹರಿಸಿಕೊಂಡು ಆಮೇಲೆ ಕೊಟೇಶನ್ ಕರೆಯಿರಿ. ಪಂಪುಗಳನ್ನು ಹಗಲು ಹನ್ನೊಂದರಿಂದ ಮೂರರೊಳಗೆ ಓಡುವಂತೆ ಟೈಮರ್ ಹಾಕಿಸಿ.

ಇನ್ನೊಬ್ಬರ ಪ್ರಶ್ನೆ: ಕಂಪನಿಯನ್ನು ಸಾಮಾನ್ಯ ಮನುಷ್ಯ ಕೇಳುವುದಾದರೂ ಹೇಗೆ? ಒಂದೇ ಒಂದು ಷೇರಿದ್ದರೂ ವಾರ್ಷಿಕ ಮಹಾಸಭೆಯಲ್ಲಿ ಪ್ರಶ್ನೆ ಕೇಳಬಹುದು. ಸಭೆಯ ನೋಟಿಸಿನಲ್ಲಿ, ಮಾತಾಡಲು ಇಚ್ಛಿಸುವವರು ಯಾವ ತಾರೀಖಿನೊಳಗೆ ಹೆಸರು ನೋಂದಾಯಿಸಬೇಕು ಎಂದು ಬರೆದಿರುತ್ತದೆ. ತಪ್ಪಿದರೆ ಅವಕಾಶ ಹೋಯಿತು. ಸಿಗುವುದು ಎರಡು ಮೂರು ನಿಮಿಷ, ಆದ್ದರಿಂದ ಭಾಷಣ ಬೇಡ. ಸ್ಕೋಪ್ 3 ಅಂಕಿ ಯಾವ ವರ್ಷದಿಂದ ಕೊಡುತ್ತೀರಿ, ಒಟ್ಟು ಟನ್ನಿನಲ್ಲಿ ಗುರಿ ಎಷ್ಟು, ಅದರಲ್ಲಿ ಕ್ರೆಡಿಟ್ ಕೊಂಡು ಸರಿದೂಗಿಸುವ ಪಾಲು ಎಷ್ಟು ಎಂದು ಕೇಳಿ. ಷೇರು ಇಲ್ಲದವರಿಗೂ ಮ್ಯೂಚುವಲ್ ಫಂಡ್‌ನಲ್ಲಿ ಎಸ್‌ಐಪಿ ಇರಬಹುದು. ಫಂಡ್‌ಗಳು ತಾವು ಷೇರು ಹೊಂದಿರುವ ಕಂಪನಿಗಳ ನಿರ್ಣಯಗಳಿಗೆಲ್ಲ ಮತ ಹಾಕಲೇಬೇಕೆಂದು 2022ರ ಏಪ್ರಿಲ್‌ನಿಂದ ಸೆಬಿ ಕಡ್ಡಾಯ ಮಾಡಿದೆ. ಯಾವುದಕ್ಕೆ ಏನು ಮತ ಹಾಕಿದರು, ಏಕೆ ಎಂಬ ಪಟ್ಟಿ ಫಂಡ್‌ನ ಜಾಲತಾಣದಲ್ಲಿ ಇರುತ್ತದೆ. ನಿಮ್ಮ ದುಡ್ಡಿನ ಮತ ಅದು, ಓದಿ ಸಮಾಧಾನವಾಗದಿದ್ದರೆ ಫಂಡ್ ಹೌಸ್‌ಗೆ ಒಂದು ಇಮೇಲ್ ಬರೆಯಿರಿ.